ಅರ್ಧ ಇಂಚಿನ ಬೋಲ್ಟಿಗೆ ಹದಿಮೂರರ ಪಾನಾ

ಗುಡ್ಡ, ಹುಲ್ಲುಗಾವಲು, ಕೆರೆಗಳ ಸಂಗತಿಗಳಿಗೆ ಮೀಸಲಾದ ಈ ಪುಟಗಳಲ್ಲಿ ಹಳೆಯ ಕಾರಿನ ನಟ್ಟು-ಬೋಲ್ಟುಗಳ ಮಾತೇಕೆ ಎಂದು ಓದುಗ ಬಂಧುಗಳು ಕೇಳಬಹುದು. ಕಾರಿನ ಉಕ್ಕು ಯಾವುದೋ ಒಂದು ಗುಡ್ಡದ ಅದಿರಿನಿಂದಲೇ ಬಂದದ್ದು. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾದಾಗ ನಾವೆಲ್ಲ ಹರ್ಷಪಟ್ಟೆವು. ಸಂಡೂರಿನ ಗುಡ್ಡಗಳ ಗತಿಯನ್ನೂ ಕಂಡಿದ್ದೇವೆ. ಆದರೆ ಒಂದು ಟನ್ನಿಗೂ ಮಿಗಿಲಾದ ತೂಕದ ವಾಹನವೊಂದು ಒಂದೇ ಒಂದು ಸವೆದ ಬೋಲ್ಟಿನ ದೆಸೆಯಿಂದ ಗುಜರಿ ಸೇರಿದಾಗ ನಮ್ಮಲ್ಲಿ ಯಾರೂ ಮರುಗುವುದಿಲ್ಲ.

ಪುರ್ತಗೇರಿಯ ನಮ್ಮ ಮನೆಯ ಅಂಗಳದಲ್ಲಿ 1984ರ ಅಂಬಾಸಿಡರ್ ಕಾರೊಂದಿದೆ. ಕಳೆದ ಬೇಸಿಗೆಯಲ್ಲಿ ಅದರ ಫ್ಯಾನ್ ಬೆಲ್ಟು ಸಡಿಲಗೊಂಡು ಕಿರುಗುಟ್ಟತೊಡಗಿತು. ಡೈನಮೋದ ಬೋಲ್ಟುಗಳನ್ನು ಸಡಿಲಿಸಿ, ಡೈನಮೋವನ್ನು ತುಸು ಹೊರಕ್ಕೆ ಎಳೆದು, ಮರಳಿ ಬಿಗಿದರೆ ಮುಗಿಯಿತು. ಕಾಲು ಗಂಟೆಯ ಕೆಲಸ. ನನ್ನ ಬಳಿ ಇದ್ದುದು ಮಿಲಿಮೀಟರಿನ ಪಾನಾಗಳು ಮಾತ್ರ. ಹದಿಮೂರರದು ಕೂತಂತೆ ತೋರಿತು. ತುಕ್ಕು ಹಿಡಿದ ಬೋಲ್ಟು ಅಲುಗದೆ ಪಾನಾ ಜಾರಿತು, ಬೋಲ್ಟಿನ ಮೂಲೆಗಳು ಸವೆದು ಗುಂಡಗಾದವು, ನನ್ನ ಬೆರಳಿನ ಚರ್ಮವೂ ಸುಲಿಯಿತು. ಸಿಟ್ಟಿನಲ್ಲಿ ಉಳಿ, ಸುತ್ತಿಗೆ ಹಿಡಿದೆ. ಎರಡನೆಯ ಪೆಟ್ಟಿಗೆ ಡೈನಮೋದ ಕಿವಿಯೇ ಮುರಿಯಿತು.

ಗಜೇಂದ್ರಗಡದ ಹಿರಿಯ ಮಿಸ್ತ್ರಿಯೊಬ್ಬರು ಅದನ್ನು ಕೈಯಲ್ಲಿ ಹಿಡಿದು ನೋಡಿದರು.

“ತಮ್ಮಾ, ಇದು ಅರ್ಧ ಇಂಚಿನ ಬೋಲ್ಟ್ ಐತಿ. ಹದಿಮೂರರ ಪಾನಾ ಯಾಕ ಹಾಕಿದಿ?”

“ಕೂತಿತ್ತಲ್ಲ ಕಾಕಾ.”

“ಕುಂದ್ರೂದು ಬ್ಯಾರೆ, ಹಿಡಿಯೂದು ಬ್ಯಾರೆ.”

ಅರ್ಧ ಇಂಚು ಎಂದರೆ 12.7 ಮಿ.ಮೀ. ಉಳಿದ 0.3 ಮಿ.ಮೀ. ಸಂದಿಯೇ ನನ್ನ ಡೈನಮೋವನ್ನು ತಿಂದಿತು. ಈ ಗೊಂದಲಕ್ಕೆ ಇತಿಹಾಸವೂ ಉಂಟು. ಭಾರತವು ಮೆಟ್ರಿಕ್ ಪದ್ಧತಿಗೆ ಕಾನೂನು ಮಾಡಿದ್ದು 1956ರಲ್ಲಿ. ಅದೇ ದಶಕದ ಕೊನೆಯಲ್ಲಿ ತಯಾರಾಗತೊಡಗಿದ ಅಂಬಾಸಿಡರ್ ಮಾತ್ರ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಪಡಿಯಚ್ಚಾದ್ದರಿಂದ ಇಂಚಿನಲ್ಲೇ ಉಳಿಯಿತು. 1990ರ ದಶಕದಲ್ಲಿ ಅದಕ್ಕೆ ಜಪಾನಿನ ಇಸುಜು ಎಂಜಿನ್ ಬಂದಾಗ ಒಂದೇ ವಾಹನದಲ್ಲಿ ಎರಡು ಅಳತೆಗಳು ಸೇರಿದವು: ಎಂಜಿನ್ ಮಿಲಿಮೀಟರಿನದು, ಕೆಳಗಿನ ಚೌಕಟ್ಟು ಇಂಚಿನದು. 2014ರಲ್ಲಿ ತಯಾರಿಕೆಯೇ ನಿಂತಿತು. ನಮ್ಮ ಗೌಂಡಿಗಳೂ ಬಡಗಿಗಳೂ ಇಂಚನ್ನೂ ಸೂತನ್ನೂ ಇನ್ನೂ ಬಿಟ್ಟಿಲ್ಲ. ಅಂಗಡಿಯ ಪಾನಾ ಸೆಟ್ಟುಗಳು ಮಾತ್ರ ಬಹುತೇಕ ಮಿಲಿಮೀಟರಿಗೆ ತಿರುಗಿವೆ.

ವಿದ್ಯಾರ್ಥಿ ಮಿತ್ರರು ಇದನ್ನು ಬರೆದಿಟ್ಟುಕೊಳ್ಳಲಿ. 5/16 ಇಂಚು 7.94 ಮಿ.ಮೀ. ಆದ್ದರಿಂದ ಅಲ್ಲಿ ಎಂಟರ ಪಾನಾ ಸಾಗುತ್ತದೆ. 5/8ಕ್ಕೆ ಹದಿನಾರು, 3/4ಕ್ಕೆ ಹತ್ತೊಂಬತ್ತು ಸಹ ಸಾಗುತ್ತವೆ. ಆದರೆ 9/16 ಇಂಚು 14.29 ಮಿ.ಮೀ.; ಹದಿನಾಲ್ಕು ಒಳಗೇ ಹೋಗದು, ಹದಿನೈದು ಸುತ್ತಿ ಮೂಲೆಗಳನ್ನು ಸವೆಸುತ್ತದೆ. ಥ್ರೆಡ್ಡಿನ ವಿಷಯ ಇನ್ನೂ ಸೂಕ್ಷ್ಮ. 5/16ರ ಬೋಲ್ಟಿನ ಜಾಗಕ್ಕೆ ಎಂಟು ಮಿ.ಮೀ. ಬೋಲ್ಟು ಒಂದೆರಡು ಸುತ್ತು ಹೋಗಿ ಬಿಗಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು, ಬಲ ಹಾಕಿದರೆ ಎಂಜಿನ್ನಿನೊಳಗಿನ ಥ್ರೆಡ್ಡು ಹಾಳಾಗುತ್ತದೆ. ಇನ್ನೂ ಹಳೆಯ ವಿಟ್‌ವರ್ತ್ ಪಾನಾಗಳ ಮೇಲೆ ಬರೆದಿರುವುದು ಬೋಲ್ಟಿನ ದಪ್ಪವೇ ಹೊರತು ತಲೆಯ ಅಗಲವಲ್ಲ. ಅಜ್ಜನ ಕಾಲದ ಪೆಟ್ಟಿಗೆಯಲ್ಲಿ ಅವು ಸಿಕ್ಕರೆ ಮೋಸಹೋಗಬೇಡಿ.

ಹಳೆಯ ಗಾಡಿಗಳೆಲ್ಲ ಎಂದೆಂದಿಗೂ ಓಡಲಿ ಎಂಬುದು ನನ್ನ ವಾದವಲ್ಲ. ಹೊಗೆ ಕಕ್ಕುವ ವಾಹನ ಮಕ್ಕಳ ಶ್ವಾಸಕ್ಕೆ ಕೇಡು. ಹೊಗೆ ತಪಾಸಣೆಯಲ್ಲಿ ಸೋತದ್ದು ಮೂಲೆಗೆ ಸರಿಯಲಿ. ನನ್ನ ಆಕ್ಷೇಪವಿರುವುದು ವಯಸ್ಸನ್ನೇ ಅಪರಾಧವೆಂದು ಎಣಿಸುವುದರ ಬಗ್ಗೆ. 2022ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ‘ದುರಸ್ತಿಯ ಹಕ್ಕು’ ಎಂಬ ಜಾಲತಾಣವನ್ನೂ ತೆರೆಯಿತು. ಒಂದು ಕೈ ದುರಸ್ತಿ ಮಾಡಿರೆಂದರೆ ಇನ್ನೊಂದು ಕೈ ಗುಜರಿಯತ್ತ ತೋರುತ್ತದೆ. ತಯಾರಿಕೆಯೇ ನಿಂತ ವಾಹನದ ದುರಸ್ತಿಯ ಹಕ್ಕನ್ನು ಯಾರ ಬಳಿ ಕೇಳಬೇಕು?

ಸರ್ಕಾರಕ್ಕೆ ಮನವಿ ಬರೆಯುವುದಕ್ಕಿಂತ ಮುಂಚೆ ಊರಿನವರೇ ಮಾಡಬಹುದಾದುದೊಂದಿದೆ. ಮನೆಗೊಂದು ಅರೆಬರೆ ಸೆಟ್ಟು ಕೊಳ್ಳುವ ಬದಲು ಊರಿಗೊಂದು ಪೂರ್ಣ ಪೆಟ್ಟಿಗೆ ಇರಲಿ: ಇಂಚಿನ ರಿಂಗ್ ಪಾನಾಗಳು, ಮಿಲಿಮೀಟರಿನವು, ತುಕ್ಕು ಬಿಡಿಸುವ ಎಣ್ಣೆ, ಥ್ರೆಡ್ಡು ಅಳೆಯುವ ಗೇಜು. ಇಂಚಿನವಕ್ಕೆ ಕೆಂಪು ಬಣ್ಣ, ಮಿಲಿಮೀಟರಿನವಕ್ಕೆ ಹಸಿರು ಬಳಿದರೆ ಓದಲು ಬಾರದವರಿಗೂ ಗುರುತು ಹತ್ತುತ್ತದೆ. ಟ್ರ್ಯಾಕ್ಟರು, ಪಂಪ್‌ಸೆಟ್ಟು, ಹಳೆಯ ಜೀಪುಗಳಿಗೂ ಅದು ಬೇಕಾದೀತು. ಜೊತೆಗೊಂದು ಮುಚ್ಚಳವಿರುವ ಡ್ರಮ್ಮು: ಎಂಜಿನ್ನಿನಿಂದ ಇಳಿಸಿದ ಕರಿ ಎಣ್ಣೆಯನ್ನು ಈಗ ಹಲವರು ಹಳ್ಳದ ದಂಡೆಗೆ ಸುರಿಯುತ್ತಿದ್ದಾರೆ. ಹಿಂದೆ ನಾನೂ ಸುರಿದಿದ್ದೇನೆ. ಮಳೆ ಬಂದರೆ ಅದು ಹೋಗುವುದು ದನ ನೀರು ಕುಡಿಯುವ ಮಡುವಿಗೆ.

ನನ್ನ ಡೈನಮೋಗೆ ಬದಲಿ ಸಿಕ್ಕಿದ್ದು ಹುಬ್ಬಳ್ಳಿಯ ಗುಜರಿ ಅಂಗಡಿಯೊಂದರಲ್ಲಿ, ಯಾರೋ ಬಿಟ್ಟುಕೊಟ್ಟ ಇನ್ನೊಂದು ಅಂಬಾಸಿಡರಿನಿಂದ. ಅದರ ಬೋಲ್ಟಿನ ಮೂಲೆಗಳೂ ಅರ್ಧ ಸವೆದಿದ್ದವು. ಮಿಸ್ತ್ರಿ ಕಾಕಾ ಅರ್ಧ ಇಂಚಿನ ಪಾನಾವನ್ನು ನನಗೆ ಎರವಲು ಕೊಟ್ಟಿದ್ದಾರೆ. ಊರ ಪೆಟ್ಟಿಗೆ ಆಗುವವರೆಗೆ ಎಂಬ ಕರಾರಿನ ಮೇಲೆ. ಆ ಪೆಟ್ಟಿಗೆಯ ಕೀಲಿ ಶಾಲೆಯಲ್ಲಿರಬೇಕೋ ಹಿಟ್ಟಿನ ಗಿರಣಿಯಲ್ಲಿರಬೇಕೋ ಎಂಬುದರಲ್ಲೇ ನಮ್ಮ ಮಾತುಕತೆ ಸದ್ಯ ನಿಂತಿದೆ.