ಪಟ್ಟೇದ ಅಂಚು, ಪುಟ್ಟ ಕ್ಯಾಮೆರಾ
ಕಿಸೆಯಲ್ಲಿ ಹಿಡಿಸುವ ಕ್ಯಾಮೆರಾಗಳಿಗೆ ಗಜೇಂದ್ರಗಡದ ಪಟ್ಟೇದ ಅಂಚಿನ ಚೌಕಡಿ ಸೀರೆಗಿಂತ ಕಠಿಣ ಪರೀಕ್ಷೆ ಸಿಗಲಾರದು ಎಂಬುದು ನನ್ನ ನಂಬಿಕೆ. 2013ರಲ್ಲಿ ಬಂದ ರಿಕೋ ಜಿಆರ್ ನೋಡಿ: ಕ್ಯಾಮೆರಾ ಅಂಗೈಯಗಲ, ಒಳಗಿನ ಸೆನ್ಸರ್ ಮಾತ್ರ ಡಿಎಸ್‌ಎಲ್‌ಆರ್‌ಗಳ ಎಪಿಎಸ್-ಸಿ ಅಳತೆಯದು, ಸುಮಾರು 24 ಮಿ.ಮೀ. ಅಗಲ. ಮಬ್ಬುಬೆಳಕಿನ ಮಗ್ಗದ ಮನೆಯಲ್ಲೂ ಚಿತ್ರ ಸ್ವಚ್ಛವಾಗಿಯೇ ಬರುತ್ತದೆ. ತೊಡಕೆಲ್ಲ ಬಣ್ಣದಲ್ಲಿ. ಇಂಥ ಸೆನ್ಸರಿನ ಒಂದೊಂದು ಬಿಂದುವೂ ಒಂದೇ ಬಣ್ಣವನ್ನು ಅಳೆಯುತ್ತದೆ. ಅರ್ಧದಷ್ಟು ಹಸಿರು, ಕಾಲು ಕೆಂಪು, ಕಾಲು ನೀಲಿ. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಹಂಚಿಕೆಯಿದು. ಉಳಿದ ಬಣ್ಣಗಳು ಲೆಕ್ಕಾಚಾರದ ಊಹೆ. ಹಾಸು-ಹೊಕ್ಕಿನ ಎಳೆಗಳು ಬಿಂದುಗಳಷ್ಟೇ ಒತ್ತಾಗಿ ಬಿದ್ದಾಗ ಆ ಊಹೆ ತಪ್ಪಿ, ಸೀರೆಯಲ್ಲಿ ಇಲ್ಲದ ಹಸಿರು-ನೇರಳೆ ಅಲೆಗಳು ಏಳುತ್ತವೆ. ಇದೇ ಮೋಯ್ರೆ. ಎಳೆಗಳನ್ನು ತುಸು ಮಸುಕಾಗಿಸಿ ಇದನ್ನು ತಡೆಯುವ ಲೋ-ಪಾಸ್ ಫಿಲ್ಟರನ್ನು ಹರಿತದ ಆಸೆಗೆ ಜಿಆರ್‌ನಲ್ಲಿ ಕೈಬಿಟ್ಟಿದ್ದಾರೆ. ಫ್ಯೂಜಿಯ ಎಕ್ಸ್100ಎಸ್ ಬಣ್ಣದ ಹಂಚಿಕೆಯನ್ನೇ ಬದಲಿಸಿ ಈ ಕಾಟವನ್ನು ಕಡಿಮೆ ಮಾಡಿತು. ಇನ್ನು ಗಾಢ ಕೆಂಪು ಅಂಚು: ಕೆಂಪಿನ ಬಿಂದುಗಳು ಬೇಗ ತುಂಬಿಹೋದರೆ ಎಳೆಯೆಲ್ಲ ಕರಗಿ ಒಂದೇ ಬಳಿದ ಬಣ್ಣವಾಗುತ್ತದೆ. ದೂರದ ಊರಿನ ಕೊಳ್ಳುವವರು ಫೋಟೊ ನೋಡಿಯೇ ಸೀರೆ ಆರಿಸುವ ಕಾಲದಲ್ಲಿ ಇದು ಬಣ್ಣ ಹಾಕಿದವರ, ನೇಯ್ದವರ ದುಡಿಮೆಗೇ ಆಗುವ ಅನ್ಯಾಯ. ಆದ್ದರಿಂದ ಸೀರೆಯನ್ನು ಬಾಗಿಲ ನೆರಳಿಗೆ ತಂದು, ಅದೇ ಬೆಳಕಿನಲ್ಲಿ ಬಿಳಿ ಬಟ್ಟೆಯಿಟ್ಟು ವೈಟ್ ಬ್ಯಾಲೆನ್ಸ್ ಹೊಂದಿಸಿ, ಎಕ್ಸ್‌ಪೋಷರ್ ತುಸು ತಗ್ಗಿಸಿ, ರಾ ಫೈಲ್‌ನಲ್ಲೇ ತೆಗೆಯಬೇಕು. ಅಲೆ ಕಂಡರೆ ಒಂದು ಹೆಜ್ಜೆ ಹಿಂದೆಯೋ ಮುಂದೆಯೋ ಸರಿದು ಮತ್ತೆ ತೆಗೆಯಬೇಕು.