ಭಾಗೀರಥಿ ತವರಿಗೆ ಬಂದಾಗ

ಜನಪದ ಕಥನಗೀತೆ ‘ಕೆರೆಗೆ ಹಾರ’ ಎಂದೊಡನೆ ನಮಗೆ ನೆನಪಾಗುವುದು ಮೆಟ್ಟಿಲು ಮೆಟ್ಟಿಲಾಗಿ ಏರಿಬಂದ ನೀರು. ಅದಕ್ಕೂ ಮೊದಲು, ಆ ಕೆರೆಗೆ ಬಲಿಯಾಗಲಿರುವ ಸೊಸೆ ಭಾಗೀರಥಿ ಒಮ್ಮೆ ತವರಿಗೆ ಹೋಗಿಬರುತ್ತಾಳೆ. ಯಾಕೆ ಕಣ್ಣೀರು ಎಂದು ಅಪ್ಪ ಕೇಳಿದರೆ ಇದ್ದದ್ದನ್ನು ಹೇಳುವುದಿಲ್ಲ. ಅತ್ತೆ ಮಾವ ತನ್ನನ್ನು ಬೇರೆ ಹಾಕಲಿದ್ದಾರೆ ಎಂದಷ್ಟೇ ಅನ್ನುತ್ತಾಳೆ. ಅಪ್ಪ ಹೊಲಮನೆ ಕೊಡಿಸಲು ಸಿದ್ಧ. ಅವ್ವನೂ ಅಕ್ಕನೂ ತಮ್ಮ ಕೈಲಾದದ್ದಕ್ಕೆ ಮುಂದಾಗುತ್ತಾರೆ. ನಿಜ ಬಾಯಿಬಿಡುವುದು ಗೆಳತಿಯ ಮುಂದೆ ಮಾತ್ರ. ಆಕೆಯೋ, ಕೊಟ್ಟ ಮನೆಯವರು ಇರಿಸಿದ ಹಾಗೆ ಇರಬೇಕೆಂದು ಬುದ್ಧಿ ಹೇಳಿ ಕಳಿಸುತ್ತಾಳೆ. ಕೆರೆಯ ದಂಡೆಗಿಂತ ಆ ತವರಿನ ಪಡಸಾಲೆಯೇ ನನ್ನನ್ನು ಹೆಚ್ಚು ಕಾಡುತ್ತದೆ.

ಇವತ್ತೂ ಏಟು ತಿಂದ ಹೆಂಗಸು ಬಾಯಿ ಬಿಟ್ಟರೆ ಮೊದಲು ಬಿಡುವುದು ಅಲ್ಲಿಯೇ. ಪೊಲೀಸರ ತನಕ ಹೋಗುವವರು ತೀರಾ ವಿರಳ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21) ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಕರ್ನಾಟಕದ ಮಹಿಳೆಯರು ಶೇ 44. ದೇಶದಲ್ಲೇ ಅತಿ ಹೆಚ್ಚು. ಹಿಂದಿನ ಸುತ್ತಿನಲ್ಲಿ ಇದು ಸುಮಾರು ಶೇ 21 ಇತ್ತು. ಹೊಡೆತ ದುಪ್ಪಟ್ಟಾಯಿತೋ, ಹೇಳಿಕೊಳ್ಳುವ ಧೈರ್ಯ ದುಪ್ಪಟ್ಟಾಯಿತೋ, ವಾದ ಮಾಡುವವರು ಮಾಡಲಿ. ಎರಡರಲ್ಲಿ ಯಾವುದಾದರೂ ನಾವು ಬೀಗುವಂಥದ್ದೇನಲ್ಲ.

ಹೇಳಿಕೊಂಡವಳಿಗೆ ಸಿಗುವ ಉತ್ತರ ಎಲ್ಲರಿಗೂ ಬಾಯಿಪಾಠ. ‘ನಾಲ್ಕು ದಿನ ಇದ್ದು ಹೋಗು.’ ‘ತಂಗಿ ಮದುವೆ ಆಗೋವರೆಗೆ ಸುಮ್ಮನಿರು.’ ‘ಮಕ್ಕಳ ಮುಖ ನೋಡಿಕೊಂಡಾದರೂ ಹೊಂದಿಕೊಂಡು ಹೋಗು.’ ಆ ಮಕ್ಕಳ ಮುಖವನ್ನು ನಿಜವಾಗಿ ಯಾರು ನೋಡಿದ್ದಾರೆ? ಗೇಟಿನ ಮುಂದೆ ಬೈಕು ನಿಂತ ಸದ್ದಿನಲ್ಲೇ ಅಪ್ಪನ ಇವತ್ತಿನ ಮೂಡು ಅಳೆದು, ತಮ್ಮನನ್ನು ಒಳಕೋಣೆಗೆ ಎಳೆದೊಯ್ದು, ಟಿವಿಯ ದನಿ ಏರಿಸುವ ಹತ್ತು ವರ್ಷದ ಹುಡುಗಿಗೆ ಮಗ್ಗಿ ತಲೆಗೆ ಹತ್ತದಿದ್ದರೆ ದಡ್ಡಿ ಎನ್ನುತ್ತೇವೆ. ಅಮ್ಮ ಏಟು ತಿನ್ನುವುದನ್ನು ಕಂಡು ಬೆಳೆದ ಹೆಣ್ಣುಮಕ್ಕಳೇ ಮುಂದೆ ಏಟು ತಿನ್ನುವುದು ಹೆಚ್ಚು ಎಂದು ಅದೇ ಸಮೀಕ್ಷೆ ಹೇಳುತ್ತದೆ.

ತವರು ಹೀಗೇಕೆ ಕೈಚೆಲ್ಲುತ್ತದೆ? ಪ್ರೀತಿ ಇಲ್ಲವೆಂದಲ್ಲ. ಉತ್ತರ ಬೇಕಿದ್ದರೆ ಯಾವುದಾದರೂ ಉಪನೋಂದಣಿ ಕಚೇರಿಯಲ್ಲಿ ಅರ್ಧ ದಿನ ಕುಳಿತು ನೋಡಿ. ಅಕ್ಕತಂಗಿಯರು ಬೆಂಚಿನ ಮೇಲೆ ಸಾಲಾಗಿ ಕುಳಿತಿರುತ್ತಾರೆ. ಹೆಸರು ಕೂಗಿದಾಗ ಎದ್ದು ಹೋಗಿ ಹೆಬ್ಬೆಟ್ಟು ಒತ್ತುತ್ತಾರೆ, ಕ್ಯಾಮೆರಾಕ್ಕೆ ಮುಖ ಕೊಡುತ್ತಾರೆ. ಹಕ್ಕು ಬಿಡುಗಡೆ ಪತ್ರ ಮುಗಿಯಿತು. ಅಣ್ಣ ಹೋಟೆಲಿನಲ್ಲಿ ಊಟ ಹಾಕಿಸಿ, ಅರಿಶಿನ ಕುಂಕುಮಕ್ಕೆಂದು ಒಂದು ಸೀರೆ ಕೊಟ್ಟು ಬಸ್ಸು ಹತ್ತಿಸುತ್ತಾನೆ. ಆಮೇಲೆ ಆ ಮನೆಗೆ ಆಕೆ ನೆಂಟಳು. ನೆಂಟರು ಎಷ್ಟು ದಿನ ಇರಬಹುದು?

ಕರ್ನಾಟಕ 1994ರಲ್ಲೇ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಆದರೆ ಆಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು! 2005ರ ಕೇಂದ್ರ ತಿದ್ದುಪಡಿ ಆ ಬೇಲಿಯನ್ನು ಕಿತ್ತಿತು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಬಂದದ್ದೂ ಅದೇ ವರ್ಷ. ಅತ್ತೆ ಮಾವನ ಹೆಸರಿನ ಮನೆಯಾದರೂ ಸೊಸೆ ಅಲ್ಲಿ ವಾಸದ ಹಕ್ಕು ಕೇಳಬಹುದೆಂದು ಸುಪ್ರೀಂ ಕೋರ್ಟ್ ಒಪ್ಪಲು ಮಾತ್ರ 2020 ಬರಬೇಕಾಯಿತು.

ಇವೆರಡೂ ಕಾಯ್ದೆಗಳನ್ನು ನಾವು ಬೇರೆ ಬೇರೆ ಕಪಾಟಿನಲ್ಲಿ ಇಟ್ಟಿದ್ದೇವೆ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಪ್ರದೀಪ್ ಪಂಡಾ ಮತ್ತು ಬೀನಾ ಅಗರ್ವಾಲ್ ನಡೆಸಿದ ಅಧ್ಯಯನ ಅವನ್ನು ಒಟ್ಟಿಗೆ ಓದಿಸುತ್ತದೆ. ತಮ್ಮ ಹೆಸರಿನಲ್ಲಿ ಏನೂ ಇಲ್ಲದ ಹೆಂಡತಿಯರಲ್ಲಿ ಶೇ 49 ಮಂದಿ ಗಂಡನ ಹೊಡೆತ ಕಂಡಿದ್ದರು. ಜಮೀನು, ಮನೆ ಎರಡೂ ಇದ್ದವರಲ್ಲಿ ಶೇ 7. ಓದು, ಕೆಲಸ, ಸಬಲೀಕರಣದ ಭಾಷಣ ಎಲ್ಲವೂ ಇರಲಿ. ಎದ್ದು ಹೋಗಲು ಒಂದು ಸೂರಿದೆ ಎಂಬುದು ಗಂಡನಿಗೂ ಗೊತ್ತಿರುವುದು ಬೇರೆಯೇ ಮಾತು.

ನಮ್ಮ ಪತ್ರಿಕೆಗೆ ಬರುವ ಕಥೆಗಳಲ್ಲಿ ಹೊಡೆಯುವ ಗಂಡ ಹೆಚ್ಚುಕಡಿಮೆ ಯಾವಾಗಲೂ ಕುಡುಕ, ಬಡವ. ಒಳ್ಳೆಯ ಸಂಬಳದವನು, ಸಾಹಿತ್ಯ ಸಮ್ಮೇಳನಕ್ಕೆ ಹೋಗಿಬರುವವನು ಅಪರೂಪ. ಸಹಿ ಹಾಕಿಸಿಕೊಂಡ ಅಣ್ಣನಂತೂ ಇಲ್ಲವೇ ಇಲ್ಲ. ಅವನ ಕಥೆ ಬರೆದವರಿದ್ದರೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಜಾಗವಿದೆ.