ಬಂದರು ಕೈಗಾರಿಕೆಯಲ್ಲವೇ?

ಅಲಂಕಾರಶಾಸ್ತ್ರವನ್ನು ಪಾಠ ಹೇಳುವವರೆಲ್ಲರೂ ಲಕ್ಷಣೆಗೆ ಒಂದೇ ಉದಾಹರಣೆಯನ್ನು ಕೊಡುತ್ತೇವೆ: ಗಂಗೆಯಲ್ಲಿ ಗೊಲ್ಲರ ಹಟ್ಟಿ. ಹೊಳೆಯೊಳಗೆ ಹಟ್ಟಿ ಇರಲಾರದು. ಆದುದರಿಂದ ಅದು ದಡದಲ್ಲಿದೆಯೆಂದು ತಿಳಿಯಬೇಕು. ಮಹಾರಾಷ್ಟ್ರದ ಪಾಲಘರ್ ಜಿಲ್ಲೆಯ ವಾಢವಣದಲ್ಲಾದರೋ ವಾಚ್ಯಾರ್ಥವೇ ನಿಜವಾಗುತ್ತಿದೆ. 1,448 ಹೆಕ್ಟೇರು ಕಡಲನ್ನು ತುಂಬಿ, ಹತ್ತು ಕಿಲೋಮೀಟರಿಗೂ ಮಿಕ್ಕ ಅಲೆತಡೆಯನ್ನೆತ್ತಿ, ಸುಮಾರು 76,200 ಕೋಟಿ ರೂಪಾಯಿ ವೆಚ್ಚದಲ್ಲಿ ಸಮುದ್ರದೊಳಗೇ ಬಂದರನ್ನು ಕಟ್ಟುವ ಯೋಜನೆ ಅದು. ಅಲ್ಲಿನ ಸಹಜವಾದ ಆಳ ಮಹಾನೌಕೆಗಳಿಗೆ ಅನುಕೂಲವೆಂಬುದನ್ನು ನಾನು ಅಲ್ಲಗಳೆಯಲಾರೆ.

ನನ್ನ ಕುತೂಹಲವಿರುವುದು ಒಂದು ಶಬ್ದದಲ್ಲಿ. ವಾಢವಣವಿರುವ ಡಹಾಣು ತಾಲ್ಲೂಕನ್ನು ಕೇಂದ್ರ ಸರಕಾರವೇ 1991ರಲ್ಲಿ ಪರಿಸರದ ದೃಷ್ಟಿಯಿಂದ ಸೂಕ್ಷ್ಮ ಪ್ರದೇಶವೆಂದು ಸಾರಿ, ಹೆಚ್ಚು ಮಲಿನಕಾರಿಯಾದ 'ಕೆಂಪು' ವರ್ಗದ ಕೈಗಾರಿಕೆಗಳನ್ನು ನಿಷೇಧಿಸಿತು. ಸುಪ್ರೀಂ ಕೋರ್ಟಿನ ಆದೇಶದಂತೆ 1996ರಲ್ಲಿ ನ್ಯಾಯಮೂರ್ತಿ ಚಂದ್ರಶೇಖರ ಧರ್ಮಾಧಿಕಾರಿಯವರ ಅಧ್ಯಕ್ಷತೆಯಲ್ಲಿ ಪ್ರಾಧಿಕಾರವೊಂದು ರಚಿತವಾಯಿತು. 1998ರಲ್ಲಿ ಅದು ಬಂದರು ಸಲ್ಲದೆಂದಿತು. 2020ರ ಏಪ್ರಿಲಿನಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯು ಬಂದರು, ಧಕ್ಕೆ, ಹೂಳೆತ್ತುವಿಕೆಗಳನ್ನು ಕೆಂಪು ವರ್ಗದಿಂದ ತೆಗೆದು 'ಕೈಗಾರಿಕೇತರ' ಚಟುವಟಿಕೆಗಳೆಂದು ಕರೆಯಿತು. 2023ರ ಜುಲೈಯಲ್ಲಿ ಅದೇ ಪ್ರಾಧಿಕಾರ ಷರತ್ತುಗಳೊಡನೆ ಸಮ್ಮತಿ ನೀಡಿತು. 2024ರ ಆಗಸ್ಟಿನಲ್ಲಿ ಶಂಕುಸ್ಥಾಪನೆಯೂ ನೆರವೇರಿತು. ಈ ನಡುವೆ ಸಮುದ್ರವೇನೂ ಬದಲಾಗಿರಲಿಲ್ಲ, ಬದಲಾದದ್ದು ನಿಘಂಟು.

ಬಂದರಿನಲ್ಲಿ ಯಾವ ವಸ್ತುವೂ ತಯಾರಾಗದು, ಹೊಗೆಕೊಳವೆಯಿಲ್ಲ, ಎನ್ನುವವರುಂಟು. ವ್ಯಾಕರಣಕ್ಕೆ ಇದು ಒಪ್ಪಿತು. ಆದರೆ ತುಂಬುವುದಕ್ಕಾಗಿ ದಮಣದ ಬಳಿಯ ಕಡಲತಳದಿಂದ ತೆಗೆಯಲಿರುವ 20 ಕೋಟಿ ಘನಮೀಟರು ಮರಳನ್ನು ಯಾವ ವರ್ಗಕ್ಕೆ ಸೇರಿಸೋಣ? ಹಡಗುಗಳು ಹೊತ್ತು ತರುವ ಸರಕನ್ನು? 2025ರ ಮೇ ತಿಂಗಳಲ್ಲಿ ವಿಳಿಞ್ಞಂನಿಂದ ಕೊಚ್ಚಿಗೆ ಹೊರಟಿದ್ದ ಎಂ.ಎಸ್.ಸಿ. ಎಲ್ಸಾ-3 ನೌಕೆ 640 ಪೆಟ್ಟಿಗೆಗಳೊಡನೆ ಮುಳುಗಿತು. ಅವುಗಳಲ್ಲಿ ಹನ್ನೆರಡರಲ್ಲಿ ನೀರು ತಗುಲಿದರೆ ಉರಿಯುವ ಅನಿಲವನ್ನು ಹೊಮ್ಮಿಸುವ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಪ್ಲಾಸ್ಟಿಕ್ ಹರಳುಗಳು ಕೇರಳದ ಮರಳದಂಡೆಗಳಿಗೆ ಬಂದು ಬಿದ್ದವು. ಬಲೆ ಬೀಸುವವರ ದುಡಿಮೆ ನಿಂತಿತು. ನೌಕೆ ಮುಳುಗಿದ್ದು ನಡುಗಡಲಿನಲ್ಲಿ, ನಷ್ಟವಾದದ್ದು ದಡದವರಿಗೆ: ಇಲ್ಲಿ ಲಕ್ಷ್ಯಾರ್ಥವನ್ನೇ ಹಿಡಿಯಬೇಕು.

ನಮ್ಮ ಅಂಕೋಲೆಯ ಕೇಣಿಯಲ್ಲಿಯೂ ಆಳನೀರಿನ ಬಂದರೊಂದನ್ನು ಕಟ್ಟಲು ಖಾಸಗಿ ಸಂಸ್ಥೆಗೆ 2023ರಲ್ಲಿ ಗುತ್ತಿಗೆ ದೊರೆತಿದೆ. 2025ರಲ್ಲಿ ಮೀನುಗಾರರು ಪ್ರತಿಭಟಿಸಿದರು. ಬೇಡವೆನ್ನಬಲ್ಲ ಡಹಾಣುವಿನಂಥ ಪ್ರತ್ಯೇಕ ಪ್ರಾಧಿಕಾರ ಅವರಿಗಿಲ್ಲ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಪರಿಸರ ಅನುಮತಿಯ ಷರತ್ತುಗಳು, ಇಷ್ಟರ ಅಕ್ಷರಗಳನ್ನೇ ಅವರು ನಂಬಬೇಕಾಗಿದೆ.